ಹಂಚಿಕೊಂಡ ಉಸಿರು

ಗುಂಪಿನಲ್ಲಿ ಹಾಡುವವರಿಗೆ ಟೀಚರ್ ಮೊದಲ ವರ್ಷವೇ ಒಂದು ಉಪಾಯ ಕಲಿಸಿದ್ದರು. ಅಕ್ಕಪಕ್ಕ ಕೂತವರು ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳಬಾರದು. ಒಬ್ಬರು ಗಾಳಿ ಎಳೆದುಕೊಳ್ಳುವಾಗ ಇನ್ನೊಬ್ಬರು ಸ್ವರ ಹಿಡಿದಿರಬೇಕು. ಆಗ ಹಾಡು ಎಲ್ಲೂ ಹರಿದಂತೆ ಕೇಳಿಸುವುದಿಲ್ಲ. "ನಿಮ್ಮನಿಮ್ಮಲ್ಲೇ ಮಾತಾಡ್ಕೊಂಡು ಜಾಗ ಹಂಚ್ಕೊಳ್ಳಿ" ಎಂದಿದ್ದರು.

ವಾರಗಿತ್ತಿಯರಿಬ್ಬರೂ ಅಂದು ಮನೆಗೆ ನಡೆದು ಬರುವ ದಾರಿಯಲ್ಲೇ ಹಂಚಿಕೊಂಡರು. ಹಂಚಿಕೊಂಡರು ಅನ್ನುವುದಕ್ಕಿಂತ ದೊಡ್ಡವಳು ಹಂಚಿದಳು ಅನ್ನಬೇಕು. "ನೀನು ನಡುವೆ ಎಲ್ಲಿ ಬೇಕೋ ಅಲ್ಲಿ ತಗೋ ಕಣೆ. ಸಾಲು ಮುಗಿಯೋ ತನಕ ನಾನು ಹಿಡ್ಕೊಂಡಿರ್ತೀನಿ."

ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದ ಅವರನ್ನು ಅತ್ತೆ ದೊಡ್ಡವಳು, ಚಿಕ್ಕವಳು ಎಂದೇ ಕರೆಯುತ್ತಿದ್ದರು. ಬೀದಿಯವರ ಬಾಯಲ್ಲೂ ಅದೇ ನಿಂತಿತ್ತು. ಮನೆಯಲ್ಲೂ ನಡೆಯುತ್ತಿದ್ದುದು ಹಾಡಿನಲ್ಲಿ ನಡೆದ ಹಾಗೆಯೇ. ಹಾಲು ಉಕ್ಕಿಸಿದವಳು ಚಿಕ್ಕವಳು, ಬೈಸಿಕೊಂಡವಳು ದೊಡ್ಡವಳು. ಹಾಡಿನ ಕ್ಲಾಸಿನ ಮಾತನ್ನು ಅತ್ತೆಯ ಮುಂದೆ ಎತ್ತಿದವಳೂ ಅವಳೇ. "ಇಬ್ರೂ ಜೊತೇಲಿ ಹೋಗಿ ಜೊತೇಲಿ ಬರೋದಾದ್ರೆ ಸರಿ. ಒಬ್ಬೊಬ್ರೇ ಅಲೆಯೋದು ಬೇಡ" ಎಂದು ಅತ್ತೆ ಒಪ್ಪಿದ್ದರು.

ಕ್ಲಾಸಿನ ಎರಡನೆಯ ಹಂತಕ್ಕೆ ಬರುವಷ್ಟರಲ್ಲಿ ಜೊತೆ ಮುರಿಯಿತು. ದೊಡ್ಡವಳ ದನಿ ಬೇಸಿಗೆಯಿಂದಲೇ ಒಡೆದಿತ್ತು. ಮೊದಲು ನೆಗಡಿ ಅಂದರು, ಆಮೇಲೆ ಅತಿಯಾಗಿ ಹಾಡಿದ್ದಕ್ಕೆ ಅಂದರು. ಕೊನೆಗೆ ಆಸ್ಪತ್ರೆಯವರು ಗಂಟಲೊಳಗಿನ ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದು, ಉಸಿರಾಡಲು ಕತ್ತಿನ ಬುಡದಲ್ಲೊಂದು ತೂತು ಮಾಡಿ ಕಳಿಸಿಕೊಟ್ಟರು. ತುಟಿ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಸದ್ದು ಮಾಡುತ್ತಿದ್ದುದು ಕತ್ತಿನ ತೂತು ಮಾತ್ರ, ಮುಚ್ಚಳ ಸರಿಯಾಗಿ ಕೂರದ ಪಾತ್ರೆಯ ಹಾಗೆ. ಅವಳ ತುಟಿ ಓದುವುದು ಮನೆಯಲ್ಲಿ ಚಿಕ್ಕವಳಿಗೊಬ್ಬಳಿಗೇ ಬರುತ್ತಿತ್ತು.

ಆಮೇಲೆ ಕ್ಲಾಸಿನ ಮೊದಲ ಶನಿವಾರ ಬಂದಾಗ ದೊಡ್ಡವಳು ಬಾಗಿಲ ಕಡೆ ಕೈ ತೋರಿಸಿದಳು. 'ಹೋಗು.'

"ನೀನಿಲ್ದೆ ನಾನೇನು ಹೋಗ್ಲಿ ಅಕ್ಕ?"

'ನನ್ನ ಹಾಡು ಕಲಿ. ಒಬ್ಳೇ. ನಂಗೆ ಕೇಳಿಸ್ಬೇಕು.'

ಹೊಸ್ತಿಲು ದಾಟುವಾಗ ಅತ್ತೆ ಸುಮ್ಮನಿರಲಿಲ್ಲ. "ಒಬ್ಬಳ ಗಂಟ್ಲು ಕುಯ್ದು ಮಲಗ್ಸಿದಾರೆ, ಇನ್ನೊಬ್ಬಳಿಗೆ ರಾಗ ಬೇಕಂತೆ. ಅದರ ಜೊತೆ ನಾಚಿಕೇನೂ ಕುಯ್ದು ಬಿಸಾಕಿದ್ರಾ?" ಒಳಗಿನಿಂದ ದೊಡ್ಡವಳು ಸ್ಟೀಲ್ ಲೋಟವನ್ನು ಮಂಚದ ಕಂಬಿಗೆ ಬಡಿದಳು. ಅತ್ತೆ ಬಾಯಿ ಮುಚ್ಚುವವರೆಗೂ ಬಡಿಯುತ್ತಲೇ ಇದ್ದಳು.

ಕ್ಲಾಸು ನಡೆಯುತ್ತಿದ್ದುದು ಶಿಶುವಿಹಾರದ ಮಹಡಿಯಲ್ಲಿ. ಮಕ್ಕಳ ಪುಟ್ಟ ಬೆಂಚುಗಳ ಮೇಲೆ ದೊಡ್ಡವರು ಮಂಡಿಯನ್ನು ಗಲ್ಲಕ್ಕೆ ಮುಟ್ಟಿಸಿಕೊಂಡು ಕೂರಬೇಕಿತ್ತು. ಮೊದಲ ಹಂತದಲ್ಲಿ ಎಲ್ಲರೂ ಸೇರಿ ಹಾಡಿದರೆ ಸಾಕಿತ್ತು. ಈಗ ಪ್ರತಿ ವಾರ ಒಬ್ಬೊಬ್ಬರೇ ಎದ್ದು ಹಾರ್ಮೋನಿಯಂ ಪಕ್ಕ ನಿಂತು ಹಾಡಬೇಕು, ಉಳಿದವರು ಕೂತು ಕೇಳಬೇಕು. ಚಿಕ್ಕವಳು ಎದ್ದು ನಿಂತು, ಗುಂಪಿನಲ್ಲಿ ಹಾಡುತ್ತಿದ್ದವುಗಳಲ್ಲಿ ದೊಡ್ಡವಳಿಗೆ ಅಚ್ಚುಮೆಚ್ಚಾದ ಹಾಡು ಎತ್ತಿಕೊಂಡಳು.

"ಗೋಡೆಯಾಚೆ ಯಾರೋ ನೀರು…" ಎಂದು ಹಾಡಿ, ಬಾಯಿ ಮುಚ್ಚಿ ಉಸಿರೆಳೆದುಕೊಂಡು, ಮತ್ತೆ "…ಈಗಲೂ" ಎಂದಳು.

ಟೀಚರ್ ಬೆರಳೆತ್ತಿದರು. ಹಿಂದಿನ ಬೆಂಚಿನಲ್ಲಿ ಕಲಿಯಲು ಕೂತಿದ್ದ ಬಸ್ ಕಂಡಕ್ಟರೊಬ್ಬ, "ನೀರು ಏನಾಯ್ತಮ್ಮ? ಸೇದಿದ್ರೋ ಚೆಲ್ಲಿದ್ರೋ?" ಎಂದ. ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ಮತ್ತೆ ಹಾಡಿದಳು, ಅಲ್ಲಿಗೇ ಬಂದು ಮತ್ತೆ ಬಾಯಿ ಮುಚ್ಚಿಕೊಂಡಿತು. ಮೂರನೆಯ ಸಲವೂ ಹಾಗೇ ಆಯಿತು. ಆಗ ಯಾರೂ ನಗಲಿಲ್ಲ.

'ಸೇದುತಿರುವರು' ಎಂಬ ಆ ಪದವನ್ನು ತಾನು ಒಮ್ಮೆಯೂ ಹಾಡಿಲ್ಲ ಎಂದು ಅವಳಿಗೆ ಹೊಳೆದದ್ದು ಅಲ್ಲಿ ನಿಂತಾಗಲೇ. ಹಗ್ಗ ಎಳೆದಂತೆ ಉದ್ದಕ್ಕೆ ಎಳೆಯಬೇಕಾದ ಪದ ಅದು. ಅದು ಬಂದಾಗಲೆಲ್ಲ ಅವಳು ಸುಖವಾಗಿ ಗಾಳಿ ಕುಡಿಯುತ್ತ ಕೂತಿದ್ದಳು. ಪಕ್ಕದಲ್ಲಿ ದೊಡ್ಡವಳು ಎಳೆಯುತ್ತಿದ್ದಳು.

"ನಿಮ್ಮ ದನೀಲಿ ಏನೂ ತೊಂದ್ರೆ ಇಲ್ಲ" ಎಂದರು ಟೀಚರ್. "ನೀವು ಯಾರಿಗೋ ಕಾಯ್ತಿದೀರಿ. ಒಬ್ರೇ ಹಾಡೋವಾಗ ಯಾರೂ ಬರಲ್ಲಮ್ಮ."

ಅವಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಎರಡೂ ಕೈಗಳನ್ನು ಪಕ್ಕೆಲುಬಿನ ಮೇಲೆ ಇರಿಸಿದರು. ಭುಜ ಏಳಕೂಡದು, ಪಕ್ಕೆ ಅಗಲವಾಗಬೇಕು. ಹೊಟ್ಟೆ ಬಿರಿಯುವಷ್ಟು ತುಂಬಿಕೊಳ್ಳಬಾರದು. ತುಂಬಿಕೊಂಡದ್ದನ್ನು ಮೊದಲ ಅಕ್ಷರಕ್ಕೇ ಸುರಿಯಬಾರದು. "ಬಾಗಿಲ ಕೀಲಿಗೆ ಎಣ್ಣೆ ಬಿಡ್ತೀವಲ್ಲ, ಹಾಗೆ. ತೊಟ್ಟುತೊಟ್ಟು."

ಚಿಕ್ಕವಳು ಕೆಲಸ ಮಾಡುತ್ತಿದ್ದುದು ಇಸ್ತ್ರಿ ಅಂಗಡಿಯಲ್ಲಿ. ಅಭ್ಯಾಸವೆಲ್ಲ ಅಲ್ಲೇ ನಡೆಯಿತು. ಪಕ್ಕೆ ಅಗಲಿಸಿ ಉಸಿರು ತೆಗೆದುಕೊಂಡು, ಹಲ್ಲಿನ ಸಂದಿನಿಂದ 'ಸ್' ಎಂದು ಬಿಡುತ್ತ, ಅಂಗಿಯ ಒಂದು ತೋಳು ಮುಗಿಯುವವರೆಗೆ ಹಿಡಿಯುತ್ತಿದ್ದಳು. ಮೊದಮೊದಲು ಮೊಣಕೈ ಹತ್ತಿರವೇ ದಮ್ಮು ಮುಗಿಯುತ್ತಿತ್ತು. ಬರಬರುತ್ತ ತೋಳು ದಾಟಿ ಕಾಲರಿನವರೆಗೆ ಬಂತು. "ಏನಮ್ಮ, ಅಂಗಡೀಗೆ ಹಾವು ಬಂದಿದೆಯಾ ಅಂತ ಗಿರಾಕಿಗಳು ಕೇಳ್ತಿದಾರೆ" ಎಂದ ಮಾಲೀಕ. "ಬಂದಿದೆ ಅಣ್ಣ. ಬಾಕಿ ಇಟ್ಟೋರನ್ನ ಮಾತ್ರ ಕಚ್ಚುತ್ತೆ" ಎಂದಳು.

ಸಂಜೆ ಮನೆಗೆ ಬಂದರೆ ಈ ನಗು ಹೊಸ್ತಿಲಲ್ಲೇ ಉಳಿಯುತ್ತಿತ್ತು. ದೊಡ್ಡವಳ ಗಂಟು ಮತ್ತೆ ಎದ್ದಿತ್ತು. ಈ ಸಲ ಕುಯ್ಯುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದರು ಆಸ್ಪತ್ರೆಯವರು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಕತ್ತಿನ ತೂತಿನ ಸುತ್ತ ಒರೆಸುವುದು ಚಿಕ್ಕವಳ ಕೆಲಸ. ಭಾವ ಬಾಗಿಲವರೆಗೆ ಬಂದು, ನೋಡಿ, ಹೋಗುತ್ತಿದ್ದರು. ಒರೆಸುವಾಗ ಅವಳ ಬೆರಳಿಗೆ ಅಕ್ಕನ ಉಸಿರು ನೇರವಾಗಿ ತಾಗುತ್ತಿತ್ತು, ಬೆಚ್ಚಗೆ, ತುಂಡುತುಂಡಾಗಿ. ಒಂದೇ ಸೂರಿನಡಿ ಒಬ್ಬಳು ಗಾಳಿಗಾಗಿ ಒದ್ದಾಡುತ್ತಿದ್ದಾಗ ಇನ್ನೊಬ್ಬಳು ಗಾಳಿ ಉಳಿಸುವ ವಿದ್ಯೆ ಕಲಿಯುತ್ತಿದ್ದಳು. ಇದನ್ನು ಯೋಚಿಸಿದಾಗ ಅವಳಿಗೆ ಅತ್ತೆಯ ಬೈಗುಳವೇ ಸರಿ ಎನಿಸುತ್ತಿತ್ತು.

'ಆಯ್ತಾ?' ಎಂದು ದೊಡ್ಡವಳ ತುಟಿ ದಿನವೂ ಕೇಳುತ್ತಿತ್ತು.

"ಇನ್ನೂ ಇಲ್ಲ ಅಕ್ಕ."

'ನಂಗೆ ಟೈಮಿಲ್ಲ ಕಣೆ.' ತಮಾಷೆ ಮಾಡುವವಳ ಹಾಗೆ ಹುಬ್ಬು ಹಾರಿಸಿದಳು.

ಆ ಪದ ಬಾಯಿಗೆ ಬಂದದ್ದು ಒಂದು ಬುಧವಾರ, ಯಾರದೋ ಬಿಳಿ ಅಂಗಿಯ ಬೆನ್ನು ಉಜ್ಜುವಾಗ. 'ನೀರು' ಎಂದಲ್ಲಿ ಬಾಯಿ ಮುಚ್ಚಲಿಲ್ಲ. ಪಕ್ಕೆ ಅಗಲವಾಗಿಯೇ ನಿಂತಿತ್ತು, ಪದ ತಾನಾಗಿ ಹೊರಗೆ ಬಂತು. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಮಾಲೀಕನಿಗೆ ತಲೆನೋವು ಎಂದು ಸುಳ್ಳು ಹೇಳಿ ಮನೆಗೆ ಓಡಿದಳು.

ಅತ್ತೆ ಅಡುಗೆಮನೆಯಲ್ಲಿದ್ದರು. ಚಿಕ್ಕವಳು ಕೋಣೆಯ ಬಾಗಿಲು ಮುಂದೆ ಮಾಡಿ, ಮಂಚದ ಪಕ್ಕ ಬೆನ್ನು ನೆಟ್ಟಗೆ ಮಾಡಿ ನಿಂತಳು. ದೊಡ್ಡವಳು ದಿಂಬಿಗೆ ಒರಗಿ ಕೂತಳು. ಕಣ್ಣು ಅರಳಿತು.

"ಗೋಡೆಯಾಚೆ ಯಾರೋ ನೀರು—"

ಆ ಜಾಗ ಬಂತು. ದೊಡ್ಡವಳ ತುಟಿ ತೆರೆದದ್ದನ್ನು ಚಿಕ್ಕವಳು ಕಂಡಳು. ಕತ್ತಿನ ತೂತು ಒಮ್ಮೆ ದೊಡ್ಡದಾಗಿ ಗಾಳಿ ಎಳೆದುಕೊಂಡಿತು. ಅಷ್ಟು ವರ್ಷದಿಂದ ಹಿಡಿದುಕೊಂಡು ಬಂದ ಪದವನ್ನು ಹಿಡಿಯಲು ತುಟಿಗಳು ಸಿದ್ಧವಾಗಿ 'ಸೇ' ಎಂದು ಆಕಾರ ಕಟ್ಟಿದ್ದವು.

ಚಿಕ್ಕವಳ ದನಿ ನಿಲ್ಲಲಿಲ್ಲ. ಕಲಿತ ಪಕ್ಕೆಲುಬು ಕಲಿತದ್ದನ್ನೇ ಮಾಡಿತು. "ಸೇದುತಿರುವರು" ಎಂದು ಉದ್ದಕ್ಕೆ, ಎಲ್ಲೂ ತುಂಡಾಗದೆ ಹೋಯಿತು. ಅದರಡಿಯಲ್ಲಿ ದೊಡ್ಡವಳ ಗಾಳಿ ಬುಸ್ಸೆಂದು ಹೊರಟು ಎಲ್ಲೂ ಸೇರದೆ ಹೋಯಿತು. ತೆರೆದ ಬಾಯನ್ನು ಅವಳು ನಿಧಾನವಾಗಿ ಮುಚ್ಚಿಕೊಂಡಳು.

ಎರಡನೆಯ ಚರಣದಲ್ಲೂ ಅದೇ ಸಾಲು ಬರುತ್ತದೆ. ಚಿಕ್ಕವಳು ಬೇಕೆಂದೇ 'ನೀರು' ಎಂದಲ್ಲಿ ನಿಲ್ಲಿಸಿದಳು. ಬಾಯಿ ಮುಚ್ಚಿ, ಹಳೆಯ ಹಾಗೆ ಅಕ್ಕನ ಕಡೆ ತಿರುಗಿ ಕಾದಳು. ಆಚೆ ಅಡುಗೆಮನೆಯ ನಲ್ಲಿಯ ನೀರು ಬಕೆಟ್ಟಿಗೆ ಬೀಳುತ್ತಿತ್ತು. ದೊಡ್ಡವಳ ತುಟಿ ಅಲ್ಲಾಡಲಿಲ್ಲ. ಅವಳು ಚಿಕ್ಕವಳನ್ನೇ ದಿಟ್ಟಿಸಿ ನೋಡಿ, ಟೀಚರ್ ತೋರಿಸುವಂತೆ ಅಂಗೈ ಮೇಲೆತ್ತಿ, ನಿಲ್ಲಿಸಬೇಡ ಎಂದು ಸನ್ನೆ ಮಾಡಿದಳು. ಆ ಕೈಯಲ್ಲಿ ಸಿಟ್ಟಿತ್ತು.

ಚಿಕ್ಕವಳು ಹಾಡು ಮುಗಿಸಿದಳು.

'ಚೆನ್ನಾಗಿದೆ' ಎಂದಿತು ದೊಡ್ಡವಳ ತುಟಿ. ಆಮೇಲೆ, 'ಬಾಗ್ಲು ಹಾಕ್ಕೊಂಡು ಹೋಗು' ಎಂದು ಗೋಡೆಯ ಕಡೆ ಹೊರಳಿಕೊಂಡಳು. ಆ ದಿನದಿಂದ ಅವಳು ಹಾಡಿನ ಮಾತೆತ್ತಲಿಲ್ಲ. ಬಟ್ಟೆ ಅದ್ದಿ ಕತ್ತು ಒರೆಸುವಾಗಲೂ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಚಿಕ್ಕವಳಿಗೆ ಓದಲು ತುಟಿಯ ಮೇಲೆ ಏನೂ ಉಳಿಯಲಿಲ್ಲ. ಮುಂದಿನ ತಿಂಗಳು, ಅತ್ತೆ ಗಂಜಿ ಹಿಡಿದು ಎಬ್ಬಿಸಲು ಹೋದಾಗ ಕತ್ತಿನ ಸದ್ದು ನಿಂತಿತ್ತು.

ಎಲ್ಲ ಮುಗಿದ ಮೇಲೆ ಒಂದು ಶನಿವಾರ ಚಿಕ್ಕವಳು ಚಪ್ಪಲಿ ಮೆಟ್ಟಿಕೊಂಡಳು. ಅತ್ತೆ ಜಗಲಿಯಲ್ಲಿ ಕೂತಿದ್ದರು. ಈಗಲೂ ಬೈಯುತ್ತಾರೆಂದು ಕಾದಳು. ಅವರು ಕಾಲು ಮಡಚಿ ದಾರಿ ಬಿಟ್ಟರು, ಅಷ್ಟೇ. ಒಳಗಿನಿಂದ ಲೋಟ ಬಡಿಯುವವರು ಯಾರೂ ಇರಲಿಲ್ಲ.

ಹಾರ್ಮೋನಿಯಂ ಪಕ್ಕ ನಿಂತು ಅವಳು ಒಬ್ಬಳೇ ಹಾಡಿದಳು. ಎಲ್ಲೂ ತೂತಿರಲಿಲ್ಲ. ಕಂಡಕ್ಟರ್ ಮೊದಲು ಚಪ್ಪಾಳೆ ತಟ್ಟಿದ. ಟೀಚರ್ ಮುಂದಿನ ಹಂತಕ್ಕೆ ಬನ್ನಿ ಎಂದರು. ಅವಳು ತಲೆಯಾಡಿಸಿ ಬೆಂಚಿಗೆ ವಾಪಸು ಬಂದಳು.

ಕೊನೆಗೆ ಎಲ್ಲ ಹಂತದವರೂ ಸೇರಿ ಹಾಡುವ ಹೊತ್ತು. ಪಕ್ಕದಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೂತಿದ್ದಳು. ಬಗ್ಗಿ ಮೆಲ್ಲಗೆ ಕೇಳಿದಳು, "ಆಂಟಿ, ನೀವು ಎಲ್ಲಿ ಉಸಿರು ತಗೋತೀರಿ? ನಂಗೆ ದಮ್ಮು ಸಾಲಲ್ಲ."

"ನಿಂಗೆ ಎಲ್ಲಿ ಬೇಕೋ ಅಲ್ಲಿ ತಗೋ. ನಾನು ಹಿಡ್ಕೊಂಡಿರ್ತೀನಿ."

ಹಿಡಿದಳು. ಹುಡುಗಿ ಸುಖವಾಗಿ ಗಾಳಿ ಎಳೆದುಕೊಂಡಳು, ಮತ್ತೆ ಮತ್ತೆ ಎಳೆದುಕೊಂಡಳು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಚಿಕ್ಕವಳ ಎದೆ ಉರಿಯತೊಡಗಿತು, ಕಣ್ಣು ಕತ್ತಲಿಟ್ಟಿತು. ಇಷ್ಟು ಉರಿಯುತ್ತದೆಂದು ಅಕ್ಕ ಒಂದು ದಿನವೂ ಹೇಳಿರಲಿಲ್ಲ. ಅವಳು ಸಾಲು ಮುಗಿಯುವ ತನಕ ಹಿಡಿದುಕೊಂಡೇ ಇದ್ದಳು.