ಬಲಗಡೆ ಸೀಟಿನ ಚೀಟಿ

ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನು ಮಡಚುವ ಕುರ್ಚಿಯೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಡೋನಟ್ ಅಂಗಡಿಯ ಮುಂದಿನ ಬಯಲಿಗೆ ಹೋಗುತ್ತೇನೆ. ಪಾಂಟಿಯಾಕ್ ಊರಿನ ಹಳೇ ಕಾರುಗಳ ಗಂಡಸರೆಲ್ಲ ಅಲ್ಲಿ ಸೇರುತ್ತಾರೆ. ಬಾನೆಟ್ ಎತ್ತಿ ನಿಲ್ಲಿಸಿ, ಕಾರಿನ ಹಿಂದೆ ಕುರ್ಚಿ ಹಾಕಿಕೊಂಡು ಮಾತಿಗೆ ಕೂರುತ್ತಾರೆ. ನನಗೆ ಕಾರಿಲ್ಲ. ಇದ್ದ ಒಂದನ್ನೂ ಮೊಣಕಾಲು ಕೈಕೊಟ್ಟ ಮೇಲೆ ಮಾರಿಬಿಟ್ಟೆ. ಆದರೂ ಅಲ್ಲಿ ನನಗೊಂದು ಜಾಗವಿದೆ. ಇವರು ಹಗಲೂ ರಾತ್ರಿ ಒರೆಸಿ ಮುದ್ದಾಡುವ ಆ ಕಾರುಗಳ ಸೀಟು ಕಟ್ಟಿದವಳು ನಾನು. ಹತ್ತೊಂಬತ್ತನೇ ವಯಸ್ಸಿಗೆ ಇಲ್ಲಿನ ಕಾರು ಕಾರ್ಖಾನೆಯ ಮೇಲಂತಸ್ತಿನ ಸೀಟು ವಿಭಾಗ ಸೇರಿದವಳು, ಬಿಟ್ಟಾಗ ತಲೆ ಪೂರ್ತಿ ಬೆಳ್ಳಗಾಗಿತ್ತು.

ಇವರ ಜ್ಞಾನ ಅಷ್ಟಿಷ್ಟಲ್ಲ. ಎಂಜಿನ್ ಮೇಲಿನ ಅಂಕಿ ನೋಡಿ ಅದನ್ನು ಯಾವ ವಾರ ಎರಕ ಹೊಯ್ದದ್ದು ಎಂದು ಹೇಳುತ್ತಾರೆ. ಒಂದು ಬೋಲ್ಟಿನ ತಲೆಯ ಮೇಲೆ ಯಾವ ಗುರುತಿರಬೇಕು ಅನ್ನುವ ವಿಷಯಕ್ಕೆ ಇಬ್ಬರು ಎರಡು ವರ್ಷ ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ಹೆಂಡತಿಯ ಹುಟ್ಟುಹಬ್ಬ ಮಾತ್ರ ಒಬ್ಬನಿಗೂ ನೆನಪಿಲ್ಲ. ಈಗ ಹೆಚ್ಚಿನವರಿಗೆ ಹೆಂಡತಿಯೂ ಇಲ್ಲ, ಹಾಗಾಗಿ ತೊಂದರೆಯಿಲ್ಲ.

“ಬಂದ್ರಪ್ಪ ಸೀಟಿನ ಮಹಾರಾಣಿ! ಎಲ್ಲಾ ಎದ್ದು ನಿಲ್ರೋ,” ಅನ್ನುತ್ತಾನೆ ಕ್ಲೈಡ್, ನನ್ನ ಜೊತೆಯೇ ಕೆಲಸ ಬಿಟ್ಟವನು.

“ನೀನು ಎದ್ರೆ ಮತ್ತೆ ಕೂರೋಕೆ ಅರ್ಧ ಗಂಟೆ ಬೇಕು. ತೆಪ್ಪಗೆ ಕೂತಿರು,” ಅನ್ನುತ್ತೇನೆ.

ಆಮೇಲೆ ಒಬ್ಬೊಬ್ಬರೇ ಬಂದು ಕೇಳುತ್ತಾರೆ. ಹೊಲಿಗೆ ಯಾವ ದಾರದ್ದು, ಸ್ಪ್ರಿಂಗ್ ಮೇಲೆ ಗೋಣಿ ಹಾಕುತ್ತಿದ್ದೆವೋ ಇಲ್ಲವೋ. ನಾನು ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಸೀಟು ಕಳಚುವ ಹೊಸಬರಿಗೆಲ್ಲ ನನ್ನದು ಒಂದೇ ಪಾಠ. ಮಗುಚಿ ಇಟ್ಟ ಸೀಟನ್ನು ನಂಬಬೇಡಿ. ಸೀಟು ಮುಂದೆ ಹಿಂದೆ ಸರಿಸುವ ಹಿಡಿ ಯಾವ ಬದಿಗಿದೆ ಎಂದು ನೋಡಿ ಅದು ಎಡದ್ದೋ ಬಲದ್ದೋ ತಿಳಿಯಬೇಕು. ತಲೆಕೆಳಗು ಮಾಡಿದರೆ ಆ ಹಿಡಿ ಆಚೆ ಬದಿಗೆ ಹೋಗಿ, ಎಡದ್ದು ಬಲದ್ದಾಗಿ ಕಾಣುತ್ತದೆ. ನಾವು ಸೀಟು ಕಟ್ಟುತ್ತಿದ್ದದ್ದೇ ತಲೆಕೆಳಗಾಗಿ. ಮೊದಲ ವಾರ ಎಲ್ಲರೂ ಇದರಲ್ಲೇ ಎಡವುತ್ತಿದ್ದರು.

ಹನ್ನೊಂದಕ್ಕೆ ಕಾರುಗಳು ಗುಡುಗುತ್ತ ಹೊರಟುಹೋಗುತ್ತವೆ. ಉಳಿದ ಆರು ದಿನ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ರೇಡಿಯೋದವನು ಹವಾಮಾನ ಹೇಳಿದರೆ ನಾನೇ “ಹೌದಾ?” ಅನ್ನುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಕಳೆದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ಫೋನು ಬಂತು. ಮಾಡಿದವನು ರಸ್, ನಮ್ಮ ಶನಿವಾರದ ಗುಂಪಿನವನು, ಕೊಳಾಯಿ ಕೆಲಸದಿಂದ ನಿವೃತ್ತನಾದವನು. ಒಹಾಯೋದ ಯಾವುದೋ ಕೊಟ್ಟಿಗೆಯಲ್ಲಿ ನಲವತ್ತು ವರ್ಷ ಕೊಳೆಯುತ್ತಿದ್ದ ನಮ್ಮ ಕಾರ್ಖಾನೆಯದೇ ಹಸಿರು ಜಿಟಿಓ ಕಾರೊಂದನ್ನು ಎಳೆದು ತಂದಿದ್ದ. ಆ ಕಾರಿಗೆ ನಮ್ಮವರು ಪ್ರೀತಿಯಿಂದ ಮೇಕೆ ಅನ್ನುತ್ತಾರೆ.

“ಬರ್ನಿ, ಸಿಕ್ತು! ನನ್ ಮೇಕೆದು ಜಾತಕ ಸಿಕ್ತು!”

ಜಾತಕ ಅಂದರೆ ಒಂದು ಹಾಳೆ. ಯಾವ ಕಾರಿಗೆ ಯಾವ ಎಂಜಿನ್, ಯಾವ ಬಣ್ಣ, ಯಾವ ಸೀಟು ಎಂದು ಅಂಕಿಗಳಲ್ಲಿ ಅಚ್ಚಾಗಿ ಕಾರಿಗೊಂದು ಹಾಳೆ ಬರುತ್ತಿತ್ತು. ಸೀಟು ಕಟ್ಟಿ ಮುಗಿದ ಮೇಲೆ ಅದನ್ನು ನಾವು ಸೀಟಿನ ಸ್ಪ್ರಿಂಗ್ ಸಂದಿಗೆ ತುರುಕುತ್ತಿದ್ದೆವು. ದೊಡ್ಡ ನಿಯಮವೇನಲ್ಲ, ಕಸದ ಬುಟ್ಟಿ ದೂರವಿತ್ತು ಅಷ್ಟೇ. ಇವತ್ತು ಅದು ಸಿಕ್ಕರೆ ಗಡ್ಡ ನೆರೆತ ಗಂಡಸರು ಅಳುತ್ತಾರೆ.

“ಬೇಗ ಬನ್ನಿ, ಅಂಕಿ ಓದಿ ಹೇಳ್ಬೇಕು ನೀವು. ನಾನೇ ಬಂದು ಕರ್ಕೊಂಡು ಹೋಗ್ತೀನಿ,” ಅಂದ. “ಹಾಳೆ ಸಕತ್ತಾಗಿದೆ. ಹಿಂದುಗಡೆ ಮಾತ್ರ ಯಾರೋ ಪೆನ್ಸಿಲಲ್ಲಿ ಗೀಚಿದಾರೆ. ಕಾಗದ ಸರಿಮಾಡೋನು ಒಬ್ಬ ಇದಾನೆ, ಅಳಿಸ್ಕೊಡ್ತಾನಂತೆ.”

“ಯಾವ ತಿಂಗಳ ಕಾರು?” ಅಂದೆ.

“ಎಪ್ಪತ್ತರ ಮಾರ್ಚ್.”

ನಾನು ಕುರ್ಚಿ ಎಳೆದುಕೊಂಡು ಕೂತೆ. “ಅಳಿಸ್ಬೇಡ. ನಾನು ಬರೋವರ್ಗೂ ಅದನ್ನ ಮುಟ್ಬೇಡ.”

ಪೆನ್ಸಿಲಿನಲ್ಲಿ ಗೀಚುತ್ತಿದ್ದವಳು ನಾನೊಬ್ಬಳೇ ಇರಲಿಕ್ಕಿಲ್ಲ. ಆದರೆ ರಸ್‌ನ ಗಾಡಿ ಬರುವ ಮೊದಲೇ ನಾನು ಬೀಗ ಹಾಕಿ ಬೀದಿಯಲ್ಲಿ ನಿಂತಿದ್ದೆ. ದಾರಿಯುದ್ದಕ್ಕೂ ಅವನು ಬೋಲ್ಟುಗಳ ಬಗ್ಗೆ ಏನೋ ಹೇಳುತ್ತಿದ್ದ. ನಾನು ಹಾಲಿಸ್ ಟ್ಯಾಕೆಟ್ ಎಂಬವನ ಬಗ್ಗೆ ಯೋಚಿಸುತ್ತಿದ್ದೆ.

ಹಾಲಿಸ್ ಕೆಂಟಕಿಯ ಗುಡ್ಡಗಾಡಿನವನು. ನಮ್ಮ ಕೆಳಗಿನ ಅಂತಸ್ತಿನಲ್ಲಿ ಬಲಗಡೆ ಸೀಟುಗಳನ್ನು ಕಾರಿಗೆ ಕೂರಿಸುವ ಕೆಲಸ ಅವನದು. ಎಡಗಡೆಗೆ, ಅಂದರೆ ಡ್ರೈವರ್ ಸೀಟಿಗೆ, ಬೇರೆ ಒಬ್ಬನಿದ್ದ. ಅವನು ಊಟದ ಗಂಟೆ ಬಿಟ್ಟು ಬೇರೇನನ್ನೂ ಗಮನಿಸುವವನಲ್ಲ. ನಮ್ಮ ಊಟದ ಹೊತ್ತೇ ಬೇರೆ, ಅವರದೇ ಬೇರೆ. ಅದಕ್ಕೆ ನಾನು ಹಾಳೆಯ ಹಿಂದೆ ಏನಾದರೂ ಬರೆದು, ತುದಿ ಸ್ವಲ್ಪ ಇಣುಕುವಂತೆ ಬಲಗಡೆ ಸೀಟಿನ ಅಡಿಗೆ ಸಿಕ್ಕಿಸಿ ಕಳಿಸುತ್ತಿದ್ದೆ. “ಸೂಪು ಕುಡೀಬೇಡ, ನೊಣ ಈಜ್ತಿದೆ.” “ನಮ್ಮ ಮೇಸ್ತ್ರಿ ಇವತ್ತು ಪ್ಯಾಂಟು ಹರ್ಕೊಂಡ.” ಶಿಫ್ಟ್ ಮುಗಿದ ಮೇಲೆ ಹಾಲಿಸ್ ಮೆಟ್ಟಿಲ ಬಳಿ ನಿಂತು ನಗುತ್ತಿದ್ದ. ಒಂದು ವರ್ಷ ಹೀಗೇ ಕಳೆಯಿತು. ಅಷ್ಟು ಖುಷಿ ನಾನು ಆಮೇಲೆ ಕಂಡಿಲ್ಲ.

ಒಂದು ಬುಧವಾರ ಮೆಟ್ಟಿಲಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದ. “ಅಪ್ಪನ ಎದೇಲಿ ಗಣಿ ಧೂಳು ತುಂಬ್ಕೊಂಡಿದೆ ಬರ್ನಿ. ಶುಕ್ರವಾರ ಶಿಫ್ಟ್ ಮುಗಿದ ತಕ್ಷಣ ಊರಿಗೆ ಹೊರಡ್ತೀನಿ, ವಾಪಸ್ ಬರಲ್ಲ. ನನ್ ಜೊತೆ ಬಂದ್ಬಿಡು. ಈಗ್ಲೇ ಹೇಳ್ಬೇಡ, ಯೋಚ್ನೆ ಮಾಡು. ಶುಕ್ರವಾರ ಸೀಟಲ್ಲಿ ಕಳ್ಸು. ಚೀಟಿ ಬರ್ಲಿಲ್ಲ ಅಂದ್ರೆ ಅರ್ಥ ಮಾಡ್ಕೋತೀನಿ. ಮತ್ತೆ ಕೇಳಿ ನಿನ್ನ ಪೀಡಿಸಲ್ಲ.”

ಶುಕ್ರವಾರ ಬರೆದೆ. ಮೂರು ಗಂಟೆಗೆ ಎರಡನೇ ಗೇಟಿನಲ್ಲಿ ಪೆಟ್ಟಿಗೆ ಹಿಡಿದು ನಿಂತೆ. ಐದೂವರೆಯವರೆಗೂ ನಿಂತೆ, ಮಾರ್ಚ್ ತಿಂಗಳ ಆ ಕೆಸರು ಹಿಮದಲ್ಲಿ. ಅವನು ಬರಲಿಲ್ಲ. ಎರಡೂವರೆಗೆ ಶಿಫ್ಟ್ ಮುಗಿದದ್ದೇ ಬೇರೆ ಗೇಟಿನಿಂದ ಹೋದನೆಂದು ಸೋಮವಾರ ತಿಳಿಯಿತು. ಎರಡು ವಾರದ ಮೇಲೆ ಒಂದು ಕಾರ್ಡು ಬಂತು: “ಅರ್ಥ ಆಯ್ತು ಬರ್ನಿ. ನಿನ್ನ ಮೇಲೆ ಕೋಪ ಇಲ್ಲ. ಚೆನ್ನಾಗಿರು.”

ಕೋಪ ಇಲ್ಲವಂತೆ! ನಡುಬೀದಿಯಲ್ಲಿ ನಿಂತು ಮಾನ ಕಳೆದುಕೊಂಡವಳು ನಾನು, ಕೋಪ ಇವನಿಗೆ ಇಲ್ಲವಂತೆ! ನನ್ನ ಚೀಟಿ ಓದಿ, ಹೆದರಿ, ಓಡಿಹೋಗಿ, ಮೇಲೆ ಈ ದೊಡ್ಡಸ್ತಿಕೆ ಎಂದುಕೊಂಡೆ. ಕಾರ್ಡನ್ನು ಒಲೆಗೆ ಹಾಕಿದೆ. ಆಮೇಲೆ ಇಬ್ಬರು ಗಂಡಸರು ಮದುವೆಗೆ ಕೇಳಿದರು, ಒಳ್ಳೆಯವರೇ. ಇಬ್ಬರ ಮುಖದಲ್ಲೂ ಓಡಿಹೋಗುವವನನ್ನೇ ಹುಡುಕಿ ಬೇಡವೆಂದೆ. ಆರು ವರ್ಷದ ಹಿಂದೆ ಕಾರ್ಖಾನೆಯ ಹಳಬರ ಪತ್ರಿಕೆಯಲ್ಲಿ ಹಾಲಿಸ್ ಸತ್ತ ಸುದ್ದಿ ಇತ್ತು. ಒಬ್ಬ ತಂಗಿಯನ್ನು ಅಗಲಿದ್ದಾರೆ, ಅಷ್ಟೇ. ಇವನನ್ನು ಯಾರು ಮದುವೆಯಾಗುತ್ತಾರೆ ಎಂದು ಅಡುಗೆಮನೆಯಲ್ಲಿ ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ಕಾಫಿ ಚೆಲ್ಲಿಕೊಂಡೆ.

ರಸ್‌ನ ಗ್ಯಾರೇಜಿನಲ್ಲಿ ಮೇಕೆ ಚಕ್ರವಿಲ್ಲದೆ ಕೂತಿತ್ತು. ಮುಂದಿನ ಎರಡು ಸೀಟುಗಳನ್ನು ಬಿಚ್ಚಿ ಮೇಜಿನ ಮೇಲೆ ಮಗುಚಿ ಇಟ್ಟಿದ್ದ. ಕೈಗವಸು ಹಾಕಿಕೊಂಡು, ಹಸುಗೂಸು ಎತ್ತುವ ಹಾಗೆ ಹಾಳೆ ಎತ್ತಿ ನನ್ನ ಮುಂದೆ ಹಿಡಿದ. ನಾನು ಅಂಕಿಗಳನ್ನು ನೋಡಲೇ ಇಲ್ಲ. ತಿರುಗಿಸಿದೆ.

“ಬರ್ತೀನಿ. ಮೂರಕ್ಕೆ ಎರಡನೇ ಗೇಟು. ನೀನು ಬೇಡ ಅಂದ್ರೂ ಬರ್ತೀನಿ.”

ನನ್ನದೇ ಅಕ್ಷರ. ಇಪ್ಪತ್ತೊಂದು ವರ್ಷದವಳ ಗುಂಡಗಿನ ಅಕ್ಷರ. ಮಡಿಕೆಯ ಗೆರೆ ಒಂದೇ ಒಂದು, ನಾನು ಮಡಿಸಿದ್ದು.

“ಇದು ಯಾವ ಸೀಟಲ್ಲಿತ್ತು?” ಅಂದೆ.

“ಎಡದ್ದು. ಡ್ರೈವರ್ ಸೀಟು.”

“ಸರಿಯಾಗಿ ನೋಡಿ ಹೇಳೋ. ಮಗುಚಿದಾಗ ಎಡ ಬಲ ಅದ್ಲುಬದ್ಲಾಗತ್ತೆ.”

“ಅಯ್ಯೋ, ಅದನ್ನ ಹೇಳ್ಕೊಟ್ಟೋರೇ ನೀವಲ್ವಾ?” ರಸ್ ನಕ್ಕ. “ಬಿಚ್ಚೋಕ್ ಮುಂಚೇನೇ ಟೇಪು ಅಂಟಿಸಿದೀನಿ ನೋಡಿ, ಎಡ ಅಂತ. ನಿಮ್ ಪಾಠ ಮರೆಯೋಕಾಗತ್ತಾ?”

ಟೇಪು ಇತ್ತು. ಹಿಡಿಯೂ ಅದನ್ನೇ ಹೇಳುತ್ತಿತ್ತು. ಎರಡು ವರ್ಷ ಕೈ ತಪ್ಪದವಳು ಆ ಒಂದು ಶುಕ್ರವಾರ, ಎದೆ ಡವಡವ ಹೊಡೆದುಕೊಳ್ಳುತ್ತಿದ್ದಾಗ, ಮೊದಲ ವಾರದ ಹುಡುಗಿಯರ ತಪ್ಪು ಮಾಡಿದ್ದೆ. ಅವನು ಆವತ್ತು ಬಂದ ಪ್ರತಿ ಬಲಗಡೆ ಸೀಟಿನ ಅಡಿಗೂ ಕೈ ಹಾಕಿ ಹುಡುಕಿರಬೇಕು. ಎಷ್ಟು ಸೀಟು! ಶಿಫ್ಟ್ ಮುಗಿಯುವವರೆಗೂ ಖಾಲಿ. ಕೊನೆಗೆ ಅರ್ಥ ಮಾಡಿಕೊಂಡ. ಕೋಪವಿಲ್ಲ ಎಂದು ಬರೆದ. ನಾನು ಅದನ್ನು ಸುಟ್ಟೆ.

ಐವತ್ತೈದು ವರ್ಷ ಅವನನ್ನು ಬೈದೆ. ಬೈಗುಳ ಒಂದೂ ಅವನಿಗೆ ಸಲ್ಲಬೇಕಾದದ್ದಲ್ಲ. ತಪ್ಪಾಯಿತು ಅನ್ನೋಣವೆಂದರೆ ಅವನಿಲ್ಲ.

ರಸ್ ನನ್ನ ಮುಖ ನೋಡಿದ, ಅಕ್ಷರ ನೋಡಿದ. “ಬರ್ನಿ... ಇದು ನೀವಾ?”

“ಹ್ಞೂಂ.”

ಅವನು ಹಾಳೆಯನ್ನು ನನ್ನ ಕೈಗೇ ಕೊಟ್ಟುಬಿಟ್ಟ. ಜಾತಕ ಬಿಟ್ಟುಕೊಡುವುದೆಂದರೆ ಇವರಿಗೆ ಕಾರನ್ನೇ ಬಿಟ್ಟುಕೊಟ್ಟಂತೆ. “ನೀವೇ ಇಟ್ಕೊಳಿ. ಮನೆಗೆ ತಗೊಂಡ್ ಹೋಗಿ.”

“ನಂದಲ್ಲ ಇದು,” ಅಂದೆ. “ಯಾವತ್ತೋ ಅವನಿಗೆ ಕೊಟ್ಟಾಗಿದೆ.”

ಮೇಜಿನ ಬಳಿ ಹೋಗಿ ಎರಡು ಸೀಟಿನ ನಡುವೆ ನಿಂತೆ. ಹಿಡಿ ನೋಡಿದೆ. ಇನ್ನೊಮ್ಮೆ ನೋಡಿದೆ. ಸಾಲದೆ ಬಾಯಿಬಿಟ್ಟು ಎಡ, ಬಲ ಎಂದು ಹೇಳಿಕೊಂಡೆ. ಆಮೇಲೆ ಹಾಳೆಯನ್ನು ಅದೇ ಮಡಿಕೆಗೆ ಮಡಿಸಿ ಸ್ಪ್ರಿಂಗ್ ಸಂದಿಗೆ ಸೇರಿಸಿದೆ. ಬೆರಳುಗಳಿಗೆ ದಾರಿ ಗೊತ್ತಿತ್ತು.

“ಅದು ಬಲಗಡೆದು, ಬರ್ನಿ,” ಅಂದ ರಸ್ ಮೆಲ್ಲಗೆ. “ಮೊದ್ಲು ಎಲ್ಲಿತ್ತೋ ಅಲ್ಲೇ ಇರ್ಬೇಕು. ಇಲ್ದಿದ್ರೆ ಕಾರು ಪ್ರದರ್ಶನದಲ್ಲಿ ಅಂಕ ಕಳೀತಾರೆ.”

“ಕಳೀಲಿ ಬಿಡು.”

“ಸರಿ. ಆದ್ರೆ ಪೂರ್ತಿ ಒಳಗಾದ್ರೂ ತಳ್ಳಿ, ತುದಿ ಕಾಣ್ತಿದೆ.”

“ತುದಿ ಕಾಣ್ಬೇಕು ಕಣೋ,” ಅಂದೆ.

ಅವನು ಸೀಟನ್ನು ಎತ್ತಿ, ಕಾರಿನ ಬಲಗಡೆಗೆ ಇಟ್ಟು, ನಾಲ್ಕು ಬೋಲ್ಟು ಬಿಗಿದ. ಹಾಲಿಸ್ ಎಂಟು ಗಂಟೆಯಲ್ಲಿ ನೂರಾರು ಸಲ ಮಾಡುತ್ತಿದ್ದ ಕೆಲಸ ಅದು. ನಾನು ಪಕ್ಕದಲ್ಲಿ ನಿಂತು ಕೊನೆಯ ಬೋಲ್ಟಿನವರೆಗೂ ನೋಡಿದೆ. ಈ ಸಲ ಸರಿಯಾದ ಸೀಟಿಗೇ ಹಾಕಿದ್ದೆ. ಅಡಿಗೆ ಕೈ ಹಾಕಿ ನೋಡುವವನು ಮಾತ್ರ ಇರಲಿಲ್ಲ.