ಒಂದೇ ಸಾಕೆಟ್ಟಿನ ಮನೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ಆಡಿಕೊಂಡು ನಗುತ್ತಾರೆ. ನಾನು ಹೊಲಿಗೆಯವಳು. ಅಂಥ ಕುಲಾವಿ ಎಷ್ಟೋ ಹೊಲಿದು ಕೊಟ್ಟಿದ್ದೇನೆ, ಅದರಿಂದ ಯಾರ ಮನೆಯೂ ಮುಳುಗಿದ್ದು ಕಂಡಿಲ್ಲ. ನನ್ನ ತಮ್ಮ ಮಾಡಿದ್ದು ಇದರ ತಿರುಗುಮುರುಗು. ಕರೆಂಟಿನ ಕಾರನ್ನು ತಂದು ಮನೆ ಮುಂದೆ ನಿಲ್ಲಿಸಿ, ಆಮೇಲೆ ಅದಕ್ಕೆ ಕರೆಂಟು ಎಲ್ಲಿಂದ ಕೊಡುವುದು ಎಂದು ಯೋಚಿಸುತ್ತ ಕೂತ.

ತಮ್ಮ ಬಾಡಿಗೆ ಕಾರು ಓಡಿಸುತ್ತಾನೆ. ಹಳೆಯ ಗಾಡಿಗೆ ಡೀಸೆಲ್ ಹಾಕಿ ಹಾಕಿ ಸಾಕಾಯಿತೆಂದು ಇದನ್ನು ತಂದಿದ್ದ. ಗೋಡೆಗೆ ಚಾರ್ಜರ್ ಕೂರಿಸಲು ಕಂಪನಿಯ ಕಡೆಯವನೊಬ್ಬ ಬಂದ. ನಮ್ಮ ಮೀಟರ್ ಬೋರ್ಡಿನ ಮುಂದೆ ನಿಂತು, ಸತ್ತವರ ಮನೆಗೆ ಬಂದವನ ಹಾಗೆ ತಲೆಯಾಡಿಸಿದ.

"ಈ ವೈರಿಂಗಿಗೆ ಆಗಲ್ಲ ಸಾರ್. ಹೊಸ ಲೈನ್ ಎಳೀಬೇಕು. ಓನರ್ ಒಪ್ಪಬೇಕು."

ನಮ್ಮ ಓನರ್ ಕ್ಯಾಲೆಂಡರ್ ತೂಗುಹಾಕಲು ಒಂದು ಮೊಳೆ ಹೊಡೆಯುವುದಕ್ಕೂ ಬಿಡದ ಪುಣ್ಯಾತ್ಮ. "ಕಾರು ನಿಮ್ದು, ಗೋಡೆ ನಂದು" ಎಂದು ಹೇಳಿ ಫೋನಿಟ್ಟುಬಿಟ್ಟ. ಆ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಲೂ ಆಗಲಿಲ್ಲ.

ಉಳಿದದ್ದು ಕಾರಿನ ಜೊತೆಗೆ ಬಂದಿದ್ದ ಕೇಬಲ್ಲು. ಅದನ್ನು ದಪ್ಪ ಪಿನ್ನಿನ ಸಾಕೆಟ್ಟಿಗೆ ನೇರವಾಗಿಯೇ ಹಾಕಬೇಕು, ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಸುಟ್ಟುಹೋಗುತ್ತದೆ ಎಂದು ಕಂಪನಿಯವನು ಹೋಗುವಾಗ ಮತ್ತೆ ಮತ್ತೆ ಹೇಳಿದ. ಅಂಥ ಸಾಕೆಟ್ಟು ಈ ಮನೆಯಲ್ಲಿ ಇರುವುದು ಒಂದೇ. ಅದಿರುವುದು ನನ್ನ ಹೊಲಿಗೆ ಕೋಣೆಯಲ್ಲಿ. ನನ್ನ ದೊಡ್ಡ ಇಸ್ತ್ರಿ ಪೆಟ್ಟಿಗೆ ಅದರಲ್ಲಿ ಸಂಸಾರ ಹೂಡಿ ವರ್ಷಗಳೇ ಆಗಿವೆ.

ಹಗಲು ಇಸ್ತ್ರಿಗೆ, ಸಂಜೆಯಿಂದ ಬೆಳಗಿನವರೆಗೆ ಕಾರಿಗೆ ಎಂದು ಒಪ್ಪಂದವಾಯಿತು. ಕೇಬಲ್ಲು ಕಿಟಕಿಯಿಂದ ಹೊರಗೆ ಹೋಗುವುದರಿಂದ ಕಿಟಕಿ ಮುಚ್ಚುವಂತಿಲ್ಲ. ಸೊಳ್ಳೆಗಳು ಬಂಧುಬಳಗ ಸಮೇತ ಬರತೊಡಗಿದವು. ಆ ಕಾರು ಚಾರ್ಜ್ ಆಗುವ ವೈಖರಿಯೋ, ಹಲ್ಲಿಲ್ಲದ ಅಜ್ಜ ಊಟಕ್ಕೆ ಕೂತ ಹಾಗೆ. ಇಡೀ ರಾತ್ರಿ ಬೇಕು. ಪೇಟೆಯ ಚಾರ್ಜಿಂಗ್ ಸ್ಟೇಷನ್ನಿಗೆ ಹೋದರೆ ಅಲ್ಲಿ ಒಂದು ಕೆಟ್ಟಿರುತ್ತದೆ, ಇನ್ನೊಂದರ ಮುಂದೆ ಸಾಲಿರುತ್ತದೆ.

ಹೊಲಿಗೆ ಜಾಸ್ತಿಯಿದ್ದ ದಿನ ನನಗೆ ಸಂಜೆಯೂ ಸಾಕೆಟ್ಟು ಬೇಕು. "ನಿನ್ನ ಕಾರು ನನ್ನ ಅನ್ನಕ್ಕೆ ಕಲ್ಲು ಹಾಕ್ತಾ ಇದೆ ಕಣೋ" ಎಂದು ಕೂಗಾಡುತ್ತಿದ್ದೆ. ತಮ್ಮ ಎದುರಾಡದೆ ಪ್ಲಗ್ಗು ಕಿತ್ತು ಹೊರಗೆ ಹೋಗುತ್ತಿದ್ದ. ಅವನು ಹಾಗೆಯೇ, ಏನು ಮಾಡಿದರೂ ಬಾಯಿಬಿಡುವವನಲ್ಲ. ನಾನು ಎಲ್ಲವನ್ನೂ ಹೇಳುತ್ತೇನೆ, ಹೇಳಬೇಕಾದ್ದೊಂದನ್ನು ಬಿಟ್ಟು.

ಹೀಗಿರುವಾಗ ಅವನ ಜೊತೆಯ ಇನ್ನೊಬ್ಬ ಡ್ರೈವರ್ ಪ್ಯಾಂಟು ಗಿಡ್ಡ ಮಾಡಿಸಲು ಬಂದ.

"ಏನಕ್ಕಾ, ನಿಮ್ಮ ತಮ್ಮ ಊರಾಚೆ ಮನೆ ನೋಡಿದ್ದಾನಂತೆ? ಕಾರು ನಿಲ್ಲಿಸೋಕೆ ಜಾಗ ಇದೆಯಂತೆ, ಚಾರ್ಜರ್ ಹಾಕ್ಕೊಳ್ಳೋಕೂ ಒಪ್ಪಿದ್ದಾರಂತೆ. ಒಳ್ಳೇದಾಯ್ತು ಬಿಡಿ."

ನನ್ನ ಬಾಯಿ ತುಂಬ ಗುಂಡುಪಿನ್ನುಗಳಿದ್ದವು. "ಹ್ಞೂಂ" ಎಂದೆ. ಅವನು ಹೋದ ಮೇಲೆ ನೋಡಿದರೆ ಅವನ ಪ್ಯಾಂಟಿನ ಒಂದೇ ಕಾಲನ್ನು ಎರಡು ಸಲ ಕತ್ತರಿಸಿದ್ದೆ.

ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ಇರಲು ಬಂದವಳು ನಾನು. ಅವನು ಮದುವೆಯ ಗೋಜಿಗೇ ಹೋಗಲಿಲ್ಲ. ಇಬ್ಬರೂ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೆವು. ಅವನು ಹೋದರೆ ನಾನು ಬೈಯುವುದು ಯಾರನ್ನು, ಸೊಳ್ಳೆಗಳನ್ನೇ? ಒಬ್ಬಳೇ ಇರಲು ನನಗೆ ಭಯ. ಆದರೆ ಕೇಳಲಿಲ್ಲ. ಮನೆ ನೋಡಿದವನು ಅವನು, ಅವನೇ ಹೇಳಲಿ ಎಂದು ಬಿಗಿದುಕೊಂಡು ಕೂತೆ. ಕಾರಿಗೆ ಇಲ್ಲೇ ಸರಿಯಾಗಿ ಕರೆಂಟು ಸಿಕ್ಕರೆ ಅವನೇಕೆ ಹೋಗುತ್ತಾನೆ ಎಂಬ ಉಪಾಯವೂ ಹೊಳೆಯಿತು. ಅವತ್ತಿನಿಂದ ಸಂಜೆ ಸಾಕೆಟ್ಟಿನ ಬಗ್ಗೆ ತುಟಿಪಿಟಕ್ ಎನ್ನಲಿಲ್ಲ. ತಮ್ಮ ನನ್ನನ್ನು ಅನುಮಾನದಿಂದ ನೋಡತೊಡಗಿದ.

ಅದೇ ವಾರ ಹೋಟೆಲಿನ ಸಪ್ಲೈಯರುಗಳ ಕೋಟು ಹೊಲಿಯುವ ಕೆಲಸ ಬಂತು. ಹೊಲಿದು ಮುಗಿಸಿದೆ, ಇಸ್ತ್ರಿ ಮಾತ್ರ ಬಾಕಿ. ಮಾರನೆಯ ದಿನ ಕೊಡಬೇಕು. ತಮ್ಮನೂ ಊಟ ಮಾಡುತ್ತ, ನಾಳೆ ಬೆಳಿಗ್ಗೆ ರಿಟೈರ್ ಆದ ಹೆಡ್‌ಮಿಸ್ಟ್ರೆಸ್ ಒಬ್ಬರನ್ನು ಮಗಳ ಊರಿಗೆ ಬಿಡಬೇಕು, ಈ ಕಾರಿನಲ್ಲಿ ಅಷ್ಟು ದೂರ ಇದೇ ಮೊದಲು, ಪೂರ್ತಿ ಚಾರ್ಜ್ ಇರಬೇಕು ಎಂದ. ನಾನು ಕೋಟುಗಳ ರಾಶಿಗೆ ಬಟ್ಟೆ ಹೊದಿಸಿ, ತಲೆನೋವು ಎಂದು ಹೇಳಿ ಬೇಗ ಮಲಗಿದೆ. ಅವನು ಹೊರಟ ಮೇಲೆ ಇಸ್ತ್ರಿ ಮಾಡಿದರಾಯಿತು ಎಂದು ನನ್ನ ಲೆಕ್ಕ.

ಬೆಳಿಗ್ಗೆ ಎದ್ದು ಹೋದರೆ ತಮ್ಮ ಹೊಲಿಗೆ ಕೋಣೆಯಲ್ಲಿ ನಿಂತು ಗೋಡೆ ನೋಡುತ್ತಿದ್ದ. ಸಾಕೆಟ್ಟಿನಲ್ಲಿ ಏನೂ ಇರಲಿಲ್ಲ. ಕೇಬಲ್ಲು ನೆಲದ ಮೇಲೆ ಬಿದ್ದಿತ್ತು, ಇಸ್ತ್ರಿ ಪೆಟ್ಟಿಗೆ ತಣ್ಣಗಿತ್ತು.

"ಕಾರಿನಲ್ಲಿ ಚಾರ್ಜೇ ಇಲ್ಲ" ಎಂದ.

"ನಾನು ಮುಟ್ಟಿಲ್ಲಪ್ಪ!"

"ಗೊತ್ತು. ರಾತ್ರಿ ನೀನು ಮಲಗಿದ ಮೇಲೆ ನಾನೇ ಕಿತ್ತಿದ್ದು."

"ಯಾಕೋ?"

"ಅಷ್ಟೊಂದು ಕೋಟು ಬಿದ್ದಿತ್ತಲ್ಲ. ನೀನು ಎದ್ದು ಇಸ್ತ್ರಿ ಮುಗಿಸಿ, ಆಮೇಲೆ ಕಾರಿಗೆ ಹಾಕ್ತೀಯ ಅಂದ್ಕೊಂಡೆ."

"ತಲೆನೋವು ಅಂದಿದ್ನಲ್ಲ!"

"ನಿನಗೆ ಯಾವತ್ತು ತಲೆನೋವು ಬಂದಿದೆ ಅಕ್ಕ? ನೀನು ಬೇರೆಯವರಿಗೆ ತರೋಳು."

"ಅಯ್ಯೋ ಮುಠ್ಠಾಳ! ಕಾರಿಗೇ ಇರ್ಲಿ ಅಂತ ಬಿಟ್ಟು ಮಲಗಿದ್ದೆ ಕಣೋ!"

ಮನೆಯಲ್ಲಿರುವುದು ಒಂದು ಸಾಕೆಟ್ಟು, ಅದಕ್ಕಾಗಿ ಕಾದಾಡುವವರು ಇಬ್ಬರು. ಅದೇ ಸಾಕೆಟ್ಟು ಇಡೀ ರಾತ್ರಿ ಕೆಲಸವಿಲ್ಲದೆ ಆರಾಮಾಗಿತ್ತು. ತಮ್ಮ ಆ ಪ್ಯಾಂಟಿನ ಡ್ರೈವರಿಗೆ ಫೋನು ಮಾಡಿ, ಹೆಡ್‌ಮಿಸ್ಟ್ರೆಸ್ಸನ್ನು ಅವನಿಗೆ ಒಪ್ಪಿಸಿದ. ಅಮ್ಮಾವ್ರಿಗೆ ಎಸಿ ಜಾಸ್ತಿ ಇಡಬೇಡ ಎಂದೂ ಹೇಳಿದ. ಆಮೇಲೆ ನನ್ನ ಸ್ಟೂಲಿನ ಮೇಲೆ ಕೂತು, "ಇನ್ನು ಇಲ್ಲಿ ಆಗಲ್ಲ ಅಕ್ಕ" ಎಂದ.

ನನ್ನ ಕೋಪ ನೆತ್ತಿಗೇರಿತು.

"ಗೊತ್ತು ಬಿಡೋ! ಮನೆ ನೋಡಿದ್ದೀಯಂತಲ್ಲ! ಊರಿಗೆಲ್ಲ ಗೊತ್ತು, ಮನೇಲಿರೋ ನನಗೆ ಗೊತ್ತಿಲ್ಲ. ಹೋಗು, ನಿನ್ನ ಕಾರನ್ನ ತೊಡೆ ಮೇಲೆ ಮಲಗಿಸ್ಕೊಂಡು ಚಾರ್ಜ್ ಮಾಡ್ಕೋ ಹೋಗು!" ಇಷ್ಟು ಹೇಳಿ ನಿಲ್ಲಿಸಬೇಕಿತ್ತು. ನಿಲ್ಲಿಸಲು ಆಗಲಿಲ್ಲ. "ನೀನು ಹೋದ್ರೆ ನನಗೆ ಒಬ್ಬಳೇ ಇರಕ್ಕಾಗಲ್ಲ ಕಣೋ. ಭಯ ಆಗುತ್ತೆ. ಹೋಗಬೇಡ. ಹೇಳಿಬಿಟ್ಟೆ, ಈಗ ನಗು."

ಅವನು ನಗಲಿಲ್ಲ. ನನ್ನ ಮುಖವನ್ನೇ ನೋಡಿದ.

"ಒಬ್ಬಳೇ ಯಾಕಿರ್ತೀಯ? ಅಲ್ಲಿ ಬೀದಿ ಕಡೆ ಕೋಣೆ ನಿಂದು. ಕಟಿಂಗ್ ಮೇಜು ಬಾಗಿಲಲ್ಲಿ ಹಿಡಿಯುತ್ತೋ ಇಲ್ವೋ ಅಂತ ಅಳತೆ ತಗೊಂಡು ಬಂದಿದ್ದೀನಿ."

"ಮತ್ತೆ ಬಾಯಿಬಿಟ್ಟು ಹೇಳೋಕೇನು ರೋಗ ನಿನಗೆ?"

"ಇಷ್ಟು ವರ್ಷದ ಗಿರಾಕಿಗಳನ್ನ ಬಿಟ್ಟು ನೀನು ಬರಲ್ಲ ಅಂತ ಹೆದರಿಕೊಂಡಿದ್ದೆ. ನೀನು ಬರದೆ ನಾನೂ ಹೋಗಲ್ಲ. ಅದಕ್ಕೇ ಆ ಮನೆಯವರಿಗೆ ಇನ್ನೂ ಏನೂ ಹೇಳಿಲ್ಲ."

ನಾನು ಇಸ್ತ್ರಿಯ ಪ್ಲಗ್ಗು ಹಾಕಿ, ಅದು ಕಾಯುವವರೆಗೂ ಅವನಿಗೆ ಬೆನ್ನು ಮಾಡಿ ನಿಂತೆ. ಕಣ್ಣು ಒದ್ದೆಯಾಗಿತ್ತು, ಅದನ್ನು ಅವನಿಗೆ ತೋರಿಸುವ ದರ್ದು ನನಗೇನಿಲ್ಲ. ಮೊದಲನೆಯ ಕೋಟು ತೆಗೆದುಕೊಂಡು ಕಾಲರ್ ತಿಕ್ಕಿದೆ.

"ನನ್ನನ್ನ ಒಂದು ಮಾತು ಕೇಳದೆ ನನ್ನ ಮೇಜಿಗೆ ಜಾಗ ಅಳೆಯೋಕೆ ನೀನ್ಯಾರೋ?"

ಎರಡೂ ತೋಳು ಮುಗಿಸಿ ಕೋಟನ್ನು ಹ್ಯಾಂಗರಿಗೆ ಹಾಕಿದೆ.

"ಆ ಕೋಣೆಗೆ ಬೆಳಕು ಯಾವ ಕಡೆಯಿಂದ ಬರುತ್ತೆ?"

"ನಿನ್ನ ಎಡಗಡೆಯಿಂದ" ಎಂದ. "ಅವರ ಹತ್ರ ಒಂದು ಕುರ್ಚಿ ಕೇಳಿ ಹಾಕಿಸ್ಕೊಂಡು, ನೀನು ಕೂರೋ ಹಾಗೆ ಕೂತು ನೋಡಿದೆ."