ಸಮಾಧಾನದ ಗುಂಡಿ

ಗೋಡೆಯ ಮೇಲಿನ ದೊಡ್ಡ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಮಿನುಗಿದಾಗ ಅವನಿನ್ನೂ ಮಾತು ಮುಗಿಸಿರಲಿಲ್ಲ.

“ನೋಡಿ ಸಾರ್, ಇದೇ ನಾನು ಹೇಳಿದ್ದು,” ಎಂದು ಕಟ್ಟಡದ ಯಜಮಾನರತ್ತ ತಿರುಗಿದ. “ಯಾರಿಗೆ ಏನೇ ತೊಂದರೆ ಆದ್ರೂ ಫೋನಲ್ಲಿ ಬರೆದರೆ ಸಾಕು, ಇಲ್ಲಿಗೆ ಬರುತ್ತೆ. ಕೂಗಾಟ ಇರಲ್ಲ.”

ಅಂಗಡಿ, ಕಚೇರಿ, ಮನೆಗಳನ್ನು ಒಂದರ ಮೇಲೊಂದು ಪೇರಿಸಿದ್ದ ಆ ಕಟ್ಟಡದ ನಿರ್ವಹಣೆ ಅವನದು. ಇಂಜಿನಿಯರಿಂಗ್ ಓದಿದವನು ಸೋರುವ ನಲ್ಲಿ, ಕೆಟ್ಟು ನಿಂತ ಲಿಫ್ಟುಗಳ ದೆಸೆಯಿಂದ ಬೈಗುಳ ತಿಂದು ಹೈರಾಣಾಗಿದ್ದ. ಈ ಸಾಫ್ಟ್‌ವೇರ್ ಕೊಳ್ಳೋಣವೆಂದು ಯಜಮಾನರ ಬೆನ್ನು ಬಿದ್ದು ವರ್ಷವಾಗಿತ್ತು. ಅದನ್ನು ಮಾರುವವನು ಪರೀಕ್ಷೆಗೆಂದು ಎಲ್ಲರ ಫೋನಿಗೂ ಹಾಕಿಕೊಟ್ಟು, ಈಗ ಪಕ್ಕದಲ್ಲೇ ಕೂತಿದ್ದ. ಇವತ್ತು ತೀರ್ಮಾನ. ಸದ್ದಿಲ್ಲದ ದೂರು: ಅದೊಂದೇ ಅವನಿಗೆ ಬೇಕಾಗಿದ್ದುದು.

“ತೆಗೀರಿ, ಏನಂತೆ?” ಎಂದರು ಯಜಮಾನರು.

ಒತ್ತಿದ. ದೂರು ಗೋಡೆಯಗಲಕ್ಕೆ ತೆರೆದುಕೊಂಡಿತು. ‘ಮಲಗುವ ಕೋಣೆಯ ಕಿಟಕಿ ತೆಗೆಯಲು ಬರುವುದಿಲ್ಲ. ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ.’ ಕೆಳಗೆ ಮನೆಯ ನಂಬರು.

“ಇದು ನಿಮ್ಮನೇನೇ ಅಲ್ವೇನ್ರೀ?”

“ಹೌದು ಸಾರ್.”

ಯಜಮಾನರು ಕೆಮ್ಮು ಬರುವಷ್ಟು ನಕ್ಕರು. “ದೀಪದ ಬುಡ ಕತ್ತಲು ಅಂತಾರಲ್ಲ! ಹೆಂಡತಿ ಮಾತನ್ನೂ ಗಂಡನ ಕಿವಿಗೆ ಮುಟ್ಟಿಸುತ್ತೆ ಅಂದ್ರೆ ಇದು ಕೆಲಸದ್ದೇ ಬಿಡಿ. ಕೊಳ್ಳೋಣ.”

ಮಾರುವವನು ನಕ್ಕ. ಅವನೂ ನಕ್ಕ. ತನ್ನ ನಗು ಮಿಕ್ಕವರದಕ್ಕಿಂತ ತುಸು ತಡವಾಗಿ ನಿಂತದ್ದು ಅವನಿಗೇ ಕೇಳಿಸಿತು.

“ಮೊದಲನೇ ದೂರು. ಸಂಜೆಯೊಳಗೆ ಹಸಿರಾಗಿರ್ಲಿ,” ಎಂದರು ಯಜಮಾನರು.

ಹಸಿರು ಮಾಡುವುದು ಅವನ ಕೈಯಲ್ಲಿರಲಿಲ್ಲ. ದೂರು ಕೊಟ್ಟವರೇ ‘ಸಮಾಧಾನವಾಗಿದೆ’ ಎಂಬ ಗುಂಡಿ ಒತ್ತಬೇಕು. ಕೆಲಸ ಮುಗಿಯಿತೆಂದು ಕೆಲಸಗಾರರು ಸುಳ್ಳು ಹೇಳಬಾರದೆಂದು ಆ ನಿಯಮ ಹಾಕಿಸಿದವನೂ ಅವನೇ.

ಮಧ್ಯಾಹ್ನ ಬಡಗಿಯನ್ನು ಕರೆದುಕೊಂಡು ಮನೆಗೆ ಹೋದ. ಬಡಗಿ ಚೌಕಟ್ಟಿನ ಮೇಲೆ ಕೈಯಾಡಿಸಿದ.

“ಇದು ಬಿಗಿದುಕೊಂಡಿಲ್ಲ ಸಾರ್. ಯಾರೋ ಸ್ಕ್ರೂ ಹೊಡೆದಿದ್ದಾರೆ.”

ಹೊಡೆದವನು ಅವನೇ. ಮನೆಗೆ ಬಂದ ಹೊಸತರಲ್ಲಿ. ಕಿಟಕಿ ತೆರೆಯುತ್ತಿದ್ದುದು ಪೈಪುಗಳು ಇಳಿಯುವ ಕಿರಿದಾದ ಸಂದಿಗೆ. ಪಂಪಿನ ಸದ್ದು, ಮೋರಿಯ ವಾಸನೆ. ಆಮೇಲೆ ಮರೆತಿದ್ದ. ಅವಳು ಕೇಳಿದಾಗಲೆಲ್ಲ “ನೋಡೋಣ” ಅಂದಿದ್ದ.

“ಮುಂಚೆ ಇದ್ದೋರು ಯಾರೋ ಹೊಡೆದಿರಬೇಕು,” ಎಂದ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿಸಿಕೊಂಡಳು.

ಬಡಗಿ ಸ್ಕ್ರೂ ಬಿಚ್ಚಿ, ಕಿಟಕಿ ತೆರೆದಿಟ್ಟು ಹೊರಟ ಮೇಲೆ ಅವನೇ ಬಾಯಿ ತೆಗೆದ. “ಆಯ್ತಲ್ಲ. ಒತ್ತಿಬಿಡು.”

“ಏನನ್ನ?”

“ಫೋನಲ್ಲಿ. ಸಮಾಧಾನ ಅಂತ ಇದೆಯಲ್ಲ.”

“ನೋಡೋಣ.”

“ನೋಡೋದೇನು? ಕಿಟಕಿ ತೆಗೆದಿದೆ.”

“ಹೂಂ. ತೆಗೆದಿದೆ.”

“ನನಗೇ ಹೇಳಬಹುದಿತ್ತು. ಎಲ್ಲರ ಮುಂದೆ...”

“ಹೇಳಿದ್ದೆ.”

“ಯಾವಾಗ?”

ಬೀದಿಯಲ್ಲಿ ವಿಳಾಸ ಕೇಳಿದ ಅಪರಿಚಿತನನ್ನು ನೋಡುವಂತೆ ಅವಳು ಅವನನ್ನು ನೋಡಿದಳು. ಆಮೇಲೆ ಒಣಗಿದ ಬಟ್ಟೆ ತರಲು ಹೊರಗೆ ಹೋದಳು.

ಸಂಜೆ ಯಜಮಾನರ ಫೋನು ಬಂತು. “ಇನ್ನೂ ಕೆಂಪಗೇ ಇದೆಯಲ್ಲ?”

“ಆಗ್ತಿದೆ ಸಾರ್. ಇನ್ನೇನು ಆಯ್ತು.”

ಅವಳ ಫೋನು ಮಂಚದ ಮೇಲೆ ಬಿದ್ದಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಕಳ್ಳನ ಹಾಗೆ ಎತ್ತಿಕೊಂಡ. ಗುಪ್ತ ಅಂಕಿ ಕೇಳಿತು. ಮದುವೆಯ ದಿನ ಹಾಕಿ ನೋಡಿದ. ಅಲ್ಲ. ಅವಳು ಹುಟ್ಟಿದ ದಿನ ಹಾಕಲು ಹೋದ. ಬೆರಳು ಗಾಳಿಯಲ್ಲೇ ನಿಂತಿತು. ತಿಂಗಳು ಗೊತ್ತಿತ್ತು. ತಾರೀಖು?

“ಸಿಕ್ತಾ?”

ಅವಳು ಹಿಂದೆಯೇ ನಿಂತಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಫೋನನ್ನು ಎತ್ತಿದಲ್ಲೇ ಇಟ್ಟ.

ಅವಳು ಅವನನ್ನು ದಾಟಿ ಕಿಟಕಿಯ ಬಳಿಗೆ ಹೋದಳು. ಹೊರಗೆ ಬೆವರುವ ಪೈಪುಗಳು, ಕೈಗೆಟುಕುವಷ್ಟು ಹತ್ತಿರದಲ್ಲಿ ಬೋಳು ಗೋಡೆ. ಸಂದಿಯ ಮೇಲ್ತುದಿಗೆ ತಗಡು ಹೊದಿಸಿದ್ದರಿಂದ ಆಕಾಶವಿರಲಿಲ್ಲ. ಪಂಪಿನ ಗುಂಯ್‌ಗುಟ್ಟುವ ಸದ್ದು ಕೋಣೆ ತುಂಬಿಕೊಂಡಿತು.

ಮಳೆ ಬಂತೇ ಎಂದು ನೋಡುವವಳಂತೆ ಅವಳು ತೋಳನ್ನು ಹೊರಗೆ ಚಾಚಿ, ಅಂಗೈ ಮೇಲ್ಮುಖ ಮಾಡಿ ಹಿಡಿದಳು. ಫೋನಿನತ್ತ ತಿರುಗಿಯೂ ನೋಡದೆ ಹಿಡಿದುಕೊಂಡೇ ಇದ್ದಳು.